ಪರದೆಯ ಮೂಲೆಯ ಬರಹ

ಕಳೆದ ತಿಂಗಳು ನಮ್ಮ ಬಳಗದ ಸಭೆಯಲ್ಲಿ ಒಂದು ಠರಾವು ಮಂಡನೆಯಾಯಿತು. ಈಚೆಗೆ ಪ್ರಕಟವಾದ ಕನ್ನಡ ಕಾದಂಬರಿಯೊಂದರ ಪಿಡಿಎಫ್ ಪ್ರತಿ ವಾಟ್ಸಾಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದೆ. ಬಳಗ ಅದನ್ನು ಖಂಡಿಸುತ್ತದೆ. ಸದಸ್ಯರಾರೂ ಅಂಥ ಪ್ರತಿಯನ್ನು ಓದಬಾರದು, ಹಂಚಬಾರದು ಎಂಬುದು ಅದರ ಸಾರ. ಪುಣೆಯಲ್ಲಿದ್ದುಕೊಂಡು ಕನ್ನಡ ಪುಸ್ತಕಗಳನ್ನು ದೊರಕಿಸಿಕೊಳ್ಳುವುದು ಕಷ್ಟವೆಂಬ ಸಬೂಬು ಕೇಳಿಬಂದಾಗ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರನ್ನು ಒಬ್ಬರು ನೆನಪಿಸಿದರು. ಅಲ್ಲಿಗೆ ಆ ಮಾತು ನಿಂತಿತು. ಲೇಖಕನ ಶ್ರಮಕ್ಕೆ ಬೆಲೆ ಕೊಡದವನು ಓದುಗನೇ ಅಲ್ಲ ಎಂಬಲ್ಲಿಗೆ ಚರ್ಚೆ ಏರಿತು.

ಎಲ್ಲರೂ ಓದಿ ತಿದ್ದಲೆಂದು ಠರಾವಿನ ಕರಡನ್ನು ಗೋಡೆಯ ಮೇಲೆ ಮೂಡಿಸಿದ್ದೆವು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದುನಿಂತು, "ಠರಾವೇನೋ ಚೆನ್ನಾಗಿದೆ. ಆದರೆ ಕೆಳಗೆ ಬಲಮೂಲೆಯಲ್ಲಿ ಮಸುಕಾಗಿ ಎರಡು ಸಾಲು ಇವೆಯಲ್ಲ, ಅವೂ ಠರಾವಿನ ಭಾಗವೇ?" ಎಂದು ಕೇಳಿದರು. ನೋಡಿದರೆ ಅದು ವಿಂಡೋಸನ್ನು ಸಕ್ರಿಯಗೊಳಿಸಿಕೊಳ್ಳಿರೆಂದು ಕಂಪ್ಯೂಟರೇ ನೀಡುತ್ತಿದ್ದ ಸೂಚನೆ. ಎಂದರೆ, ಪರವಾನಗಿಯ ಹಣ ಸಂದಾಯವಾಗಿಲ್ಲವೆಂಬ ಪ್ರಕಟಣೆ. ಲ್ಯಾಪ್‌ಟಾಪನ್ನು ಮನೆಯಿಂದ ತಂದಿದ್ದ ಸದಸ್ಯರ ಮುಖ ಕೆಂಪಾಯಿತು. ಸಭೆ ನಕ್ಕಿತು. ನಾವೂ ನಕ್ಕೆವು.

ನಗುವ ಹಕ್ಕು ನಮಗಿರಲಿಲ್ಲ. ಏಳು ವರ್ಷಗಳ ಕಾಲ ನಮ್ಮ ಮನೆಯ ಕಂಪ್ಯೂಟರಿನಲ್ಲಿಯೂ ಹಣ ತೆರದ ವಿಂಡೋಸೇ ಇತ್ತು. ಅದರ ಮೂಲೆಯಲ್ಲಿ ಯಾವ ಬರಹವೂ ಕಾಣಿಸಿಕೊಳ್ಳಲಿಲ್ಲ, ಏಕೆಂದರೆ ನಮ್ಮದು ಇನ್ನಷ್ಟು ನಿಪುಣವಾದ ಕಳವಾಗಿತ್ತು. ಮೂಲೆಯ ಬರಹ ಕಾಣುವ ಯಂತ್ರ ಕನಿಷ್ಠಪಕ್ಷ ತನ್ನ ಸಾಲವನ್ನು ಒಪ್ಪಿಕೊಳ್ಳುತ್ತದೆ. ನಮ್ಮದು ಒಪ್ಪಿಕೊಳ್ಳುವ ಬಾಯನ್ನೇ ಹೊಲಿಸಿಕೊಂಡಿತ್ತು.

2010ರಲ್ಲಿ ನಾವು ಕಚೇರಿಯಿಂದ ಕಂಪ್ಯೂಟರ್ ಮುಂಗಡ ಪಡೆದು ಜೋಡಿಸಿದ ಯಂತ್ರವೊಂದನ್ನು ಕೊಂಡೆವು. ಮುಂಗಡದ ನಿಯಮದಂತೆ ರಸೀದಿಯನ್ನು ಲೆಕ್ಕಪತ್ರ ವಿಭಾಗಕ್ಕೆ ಸಲ್ಲಿಸಬೇಕಾಗಿತ್ತು. ಆ ರಸೀದಿಯಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್, ಕ್ಯಾಬಿನೆಟ್, ಕೊನೆಗೆ ಮೌಸಿನ ಕೆಳಗಿಡುವ ರಬ್ಬರಿನ ಹಾಳೆಯೂ ನಮೂದಾಗಿತ್ತು. ಯಂತ್ರವನ್ನು ಯಂತ್ರವನ್ನಾಗಿ ಮಾಡುವ ಆಪರೇಟಿಂಗ್ ಸಿಸ್ಟಂ ಮಾತ್ರ ಅದರಲ್ಲಿರಲಿಲ್ಲ. ಅಂಗಡಿಯ ಹುಡುಗ "ಅದೆಲ್ಲ ಹಾಕಿ ಕೊಡುತ್ತೇವೆ ಸರ್" ಎಂದಿದ್ದ. ಹಾಕಿಯೂ ಕೊಟ್ಟ. ದಿನವಿಡೀ ಇತರರ ರಸೀದಿಗಳನ್ನು ಪರಿಶೀಲಿಸಿ ಆಕ್ಷೇಪಣೆ ಬರೆಯುವುದೇ ನಮ್ಮ ಉದ್ಯೋಗ. ನಮ್ಮದೇ ರಸೀದಿಯಲ್ಲಿ ಇಲ್ಲದ ಆ ಸಾಲನ್ನು ಕಾಣುವ ಕಣ್ಣು ನಮಗಿರಲಿಲ್ಲ. ಅಥವಾ ಇತ್ತು, ಮುಚ್ಚಿಕೊಂಡಿದ್ದೆವು.

ಕಳವಿನ ಪ್ರತಿ ಪತ್ತೆಯಾಗಬಾರದೆಂದು ಆ ಹುಡುಗ ಮೂಲಕಂಪನಿಯಿಂದ ಬರುವ ಪರಿಷ್ಕರಣೆಗಳನ್ನು ಸ್ಥಗಿತಗೊಳಿಸಿದ್ದ. 2017ರ ಮೇ ತಿಂಗಳಿನಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಅದು ನುಸುಳುತ್ತಿದ್ದ ಬಿರುಕನ್ನು ಮುಚ್ಚುವ ಪರಿಷ್ಕರಣೆ ಎರಡು ತಿಂಗಳ ಹಿಂದೆಯೇ, ಮಾರ್ಚಿನಲ್ಲಿ, ಬಿಡುಗಡೆಯಾಗಿತ್ತು. ನಮ್ಮ ಯಂತ್ರಕ್ಕೆ ಅದು ತಲುಪಲಿಲ್ಲ. ಒಂದು ಬೆಳಗ್ಗೆ ಎಲ್ಲ ಕಡತಗಳಿಗೂ ಬೀಗ ಬಿದ್ದಿತ್ತು. ಅವುಗಳಲ್ಲಿ ಗದಗಿನ ನಮ್ಮ ತಂದೆಯವರು ಎರಡು ಬೇಸಗೆಗಳಲ್ಲಿ ಹೇಳಿ ಬರೆಸಿದ, ನಾವು ನುಡಿಯಲ್ಲಿ ಟೈಪಿಸಿದ, ನೂರನಲವತ್ತು ಪುಟಗಳ ನೆನಪುಗಳಿದ್ದವು. ಅಷ್ಟರಲ್ಲಿ ತಂದೆಯವರು ತೀರಿಕೊಂಡು ವರ್ಷವಾಗಿತ್ತು. ಮತ್ತೊಂದು ಪ್ರತಿ ಇಟ್ಟುಕೊಳ್ಳದ ತಪ್ಪು ನಮ್ಮದೇ; ಅಪ್ಪಟ ಪ್ರತಿ ಬಳಸುವವರೂ ಅಂದು ನಷ್ಟ ಅನುಭವಿಸಿದ್ದುಂಟು. ಆದರೂ ಆ ಬೆಳಗ್ಗೆ, ಏಳು ವರ್ಷಗಳ ಹಿಂದೆ ಉಳಿಸಿದ ಕೆಲವು ಸಾವಿರ ರೂಪಾಯಿಗಳ ಲೆಕ್ಕ ನಮಗೆ ನೆನಪಾಗದೆ ಇರಲಿಲ್ಲ.

ಆ ನೋವಿನಿಂದ ನಾವು ಕಾನೂನಿನ ಪುಸ್ತಕ ತೆರೆದೆವು. ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಅಲ್ಲಿ ಒಂದು ಅಚ್ಚರಿ ಕಾದಿತ್ತು. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆ, 1984ರ ತಿದ್ದುಪಡಿಯ ನಂತರ, ಕಂಪ್ಯೂಟರ್ ಕಾರ್ಯಕ್ರಮವನ್ನು 'ಸಾಹಿತ್ಯ ಕೃತಿ'ಯ ವ್ಯಾಖ್ಯೆಯೊಳಗೇ ಸೇರಿಸಿಕೊಂಡಿದೆ. ಕಾನೂನಿನ ಕಣ್ಣಿಗೆ ಕಾದಂಬರಿಯೂ ವಿಂಡೋಸೂ ಒಂದೇ ಪಂಕ್ತಿಯವು. 1994ರ ತಿದ್ದುಪಡಿಯಲ್ಲಿ ಸೇರಿದ 63ಬಿ ಕಲಮು ಇನ್ನೂ ಮುಂದೆ ಹೋಗುತ್ತದೆ. ಕದ್ದ ಪ್ರತಿಯೆಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸಿದವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, ₹50,000ದಿಂದ ₹2 ಲಕ್ಷದವರೆಗೆ ದಂಡ. ವ್ಯಾಪಾರಕ್ಕೂ ಲಾಭಕ್ಕೂ ಬಳಸದೆ ಇದ್ದ ಪಕ್ಷದಲ್ಲಿ ನ್ಯಾಯಾಲಯ ಸಕಾರಣವಾಗಿ ಸೆರೆವಾಸವನ್ನು ಬಿಟ್ಟು ₹50,000ದವರೆಗಿನ ದಂಡವನ್ನಷ್ಟೇ ವಿಧಿಸಬಹುದು. ಮನೆಬಳಕೆಗೆ ರಿಯಾಯಿತಿಯುಂಟು, ವಿನಾಯಿತಿಯಿಲ್ಲ.

ಮನೆಬಾಗಿಲಿಗೆ ಪೊಲೀಸರು ಬರುತ್ತಾರೆಂದು ಹೆದರಿಸುವುದು ನಮ್ಮ ಉದ್ದೇಶವಲ್ಲ; ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಪಿಡಿಎಫ್ ಓದಿದವನ ಮನೆಗೂ ಬರುವುದಿಲ್ಲ. ಹಾಗಿದ್ದೂ ಅದರ ಮೇಲೆ ಠರಾವು ಮಾಡಿದವರು ನಾವು.

ಹಾಗಾದರೆ ಹಣ ಕೊಟ್ಟವರು ಕೊಳ್ಳುವುದೇನು? ಇಲ್ಲಿ ಬಹುಮಂದಿಗೆ ಗೊಂದಲವಿದೆ. ಅಂಗಡಿಯಲ್ಲಿ ನಾವು ಕೊಳ್ಳುವುದು ತಂತ್ರಾಂಶವನ್ನಲ್ಲ, ಬಳಸುವ ಅನುಮತಿಯನ್ನು. ಹೊಲವನ್ನು ಕೊಂಡಂತಲ್ಲ, ಗೇಣಿಗೆ ಹಿಡಿದಂತೆ. ಆ ಗೇಣಿಯಲ್ಲಿಯೂ ಎರಡು ಬಗೆ. ಲ್ಯಾಪ್‌ಟಾಪಿನೊಂದಿಗೆ ಕಾರ್ಖಾನೆಯಿಂದಲೇ ಬರುವ ಪರವಾನಗಿ ಆ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಯಂತ್ರ ಸತ್ತರೆ ಅದೂ ಸಹಗಮನ ಮಾಡುತ್ತದೆ. ವಿಂಡೋಸ್ 8ರ ಕಾಲದಿಂದ ಅದರ ಕೀಲಿಯನ್ನು ಮದರ್‌ಬೋರ್ಡಿನ ಸ್ಮೃತಿಯಲ್ಲಿಯೇ ಹುದುಗಿಸುವ ಪದ್ಧತಿ ಬಂದಿದೆ. ಬಿಡಿಯಾಗಿ ಪೂರ್ಣ ಬೆಲೆಗೆ ಕೊಂಡ ಪರವಾನಗಿಯಾದರೆ ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಒಯ್ಯಬಹುದು. ಸಂಸ್ಥೆಗಳು ಸಗಟಾಗಿ ಪಡೆಯುವ ಪರವಾನಗಿಗಳು ಬೇರೆ. ಅವು ಮನೆಗಳಿಗಾಗಿ ಇರುವವಲ್ಲ.

ಜಾಲತಾಣಗಳಲ್ಲಿ ಐನೂರು ರೂಪಾಯಿಗೆ ಮಾರಾಟವಾಗುವ ಕೀಲಿಗಳ ಮರ್ಮವನ್ನು ಇಲ್ಲಿಯೇ ತಿಳಿಯಬೇಕು. ಯಾವುದೋ ಸಂಸ್ಥೆಯ ಸಗಟು ಪರವಾನಗಿಯಿಂದ ಸೋರಿದ ಕೀಲಿಯನ್ನೋ, ಗುಜರಿಗೆ ಹೋದ ಯಂತ್ರಕ್ಕೆ ಅಂಟಿದ್ದ ಕೀಲಿಯನ್ನೋ ಹೀಗೆ ಮಾರುವುದುಂಟು. ಅದು ಕೆಲಸ ಮಾಡುತ್ತದೆ, ಮೂಲೆಯ ಬರಹ ಮಾಯವಾಗುತ್ತದೆ, ಕೊಂಡವರು ತಾವು ಪ್ರಾಮಾಣಿಕರೆಂದು ನೆಮ್ಮದಿಯಿಂದಿರುತ್ತಾರೆ. ಆದರೆ ಕೀಲಿ ಬೀಗ ತೆರೆಯಿತೆಂದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ.

ಇನ್ನು ಬೆಲೆಯ ಮಾತು. ಇದನ್ನು ಮುಚ್ಚುಮರೆಯಿಲ್ಲದೆ ಆಡಬೇಕು. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಗೃಹ ಆವೃತ್ತಿಗೆ ಅಮೆರಿಕದಲ್ಲಿ 199 ಡಾಲರ್ ಬೆಲೆಯಿತ್ತು. ಅಂದಿನ ವಿನಿಮಯ ದರದಲ್ಲಿ ಒಂಬತ್ತು ಸಾವಿರ ರೂಪಾಯಿಗೂ ಮಿಕ್ಕಿ. ಇಂದು ವಿಂಡೋಸ್ 11ರ ಗೃಹ ಆವೃತ್ತಿಗೆ ಅಲ್ಲಿ 139 ಡಾಲರ್. ಇಂದಿನ ದರದಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕಿ. ಅಮೆರಿಕದ ಸಂಯುಕ್ತ ಸರಕಾರ ವಿಧಿಸಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಎಂದರೆ ಅಲ್ಲಿನ ಅತಿ ಕಡಿಮೆ ಕೂಲಿಯವನು ಎರಡೂವರೆ ದಿನ ದುಡಿದರೆ ಅದನ್ನು ಕೊಳ್ಳಬಲ್ಲ. ಏಳನೆಯ ವೇತನ ಆಯೋಗದ ಪ್ರಕಾರ ಕೇಂದ್ರ ಸರಕಾರದ ಕನಿಷ್ಠ ಮೂಲವೇತನ ತಿಂಗಳಿಗೆ ₹18,000. ತುಟ್ಟಿಭತ್ಯೆಯನ್ನು ಬಿಟ್ಟು ನೋಡಿದರೆ, ಅದೇ ಡಾಲರ್ ಬೆಲೆ ನಮ್ಮ ಕಚೇರಿಯ ಜವಾನನ ತಿಂಗಳ ಮೂಲವೇತನದ ಅರ್ಧಕ್ಕಿಂತ ಹೆಚ್ಚು. ಸರಕಾರಿ ಕೆಲಸವೂ ಇಲ್ಲದವರ ಪಾಡನ್ನು ಹೇಳಬೇಕಾಗಿಲ್ಲ.

ಇದಕ್ಕೆ ಕಂಪನಿ ಕಂಡುಕೊಂಡ ಒಂದು ಪರಿಹಾರವೂ ನೆನಪಿಡುವಂಥದ್ದು. 2005ರ ಸುಮಾರಿಗೆ ಭಾರತಕ್ಕೆಂದು ಹಿಂದಿಯಲ್ಲಿ ಅಗ್ಗದ 'ಸ್ಟಾರ್ಟರ್' ಆವೃತ್ತಿಯೊಂದು ಬಂದಿತು. ಅದರಲ್ಲಿ ಏಕಕಾಲಕ್ಕೆ ಮೂರು ಕಾರ್ಯಕ್ರಮಗಳನ್ನಷ್ಟೇ ತೆರೆಯಬಹುದಾಗಿತ್ತು. ಬಡದೇಶದವನಿಗೆ ಮೂರು ಕಿಟಕಿಗಳ ಮನೆ ಸಾಕು ಎಂಬ ಆ ಧೋರಣೆಯನ್ನು ಜನ ಒಪ್ಪಲಿಲ್ಲವೆಂದರೆ ಆಶ್ಚರ್ಯವಿಲ್ಲ. ಪಕ್ಕದ ಅಂಗಡಿಯಲ್ಲಿ ಎಲ್ಲ ಕಿಟಕಿಗಳೂ ತೆರೆಯುವ ಮನೆ ಪುಕ್ಕಟೆಯಾಗಿ ಸಿಗುತ್ತಿತ್ತು.

ದುಬಾರಿ ಬೆಲೆ ನಕಲನ್ನು ಸಮರ್ಥಿಸುತ್ತದೆಯೇ? ಈ ವಾದ ಹೊಸದಲ್ಲ. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಅಮೆರಿಕಕ್ಕೆ ಹೋದಾಗ, ತನ್ನ ಕಾದಂಬರಿಗಳನ್ನು ಅಲ್ಲಿನ ಮುದ್ರಕರು ಬಿಡಿಗಾಸು ಕೊಡದೆ ಅಚ್ಚುಹಾಕಿ ಅಗ್ಗವಾಗಿ ಮಾರುತ್ತಿರುವುದನ್ನು ಕಂಡು ಸಭೆಗಳಲ್ಲಿ ದನಿಯೆತ್ತಿದನು. ಪತ್ರಿಕೆಗಳು ಅವನನ್ನೇ ದುಡ್ಡಾಸೆಯವನೆಂದು ಹಳಿದವು. ಎಳೆಯ ರಾಷ್ಟ್ರಕ್ಕೆ ಅಗ್ಗದ ಪುಸ್ತಕ ಬೇಕು ಎಂಬುದು ಅಲ್ಲಿನವರ ವಾದ. ವಿದೇಶಿ ಲೇಖಕರ ಕೃತಿಸ್ವಾಮ್ಯವನ್ನು ಅಮೆರಿಕ ಮಾನ್ಯ ಮಾಡಿದ್ದು 1891ರಲ್ಲಿ. ಅಷ್ಟರಲ್ಲಿ ಡಿಕನ್ಸ್ ತೀರಿಕೊಂಡು ಎರಡು ದಶಕಗಳು ಕಳೆದಿದ್ದವು. ನಕಲಿನ ಅನ್ನ ಉಂಡು ಬೆಳೆದ ದೇಶವೇ ಇಂದು ಜಗತ್ತಿಗೆ ಕೃತಿಸ್ವಾಮ್ಯದ ಪಾಠ ಹೇಳುತ್ತಿದೆ ಎಂದು ಯಾರಾದರೂ ಹೇಳಿದರೆ ನಾವು ಅಲ್ಲಗಳೆಯುವುದಿಲ್ಲ. ಹಳ್ಳಿಯ ಬಡ ವಿದ್ಯಾರ್ಥಿಯೊಬ್ಬ ನಕಲು ವಿಂಡೋಸಿನಲ್ಲಿ ಕಂಪ್ಯೂಟರ್ ಕಲಿತು ಬದುಕು ಕಟ್ಟಿಕೊಂಡಿದ್ದರೆ ಅವನ ಮೇಲೆ ಕಲ್ಲೆಸೆಯುವ ಕೈ ನಮ್ಮದಲ್ಲ. ಆದರೆ ಆ ವಿದ್ಯಾರ್ಥಿಯ ವಾದವನ್ನು ತಿಂಗಳ ಸಂಬಳದವರಾದ ನಾವು ಎರವಲು ಪಡೆಯುವುದು ಮತ್ತೊಂದು ನಕಲು. ಅರವತ್ತು ಸಾವಿರದ ಫೋನು ಹಿಡಿದವರು ಬಡತನದ ಹೆಸರು ಹೇಳಬಾರದು.

ಇನ್ನೊಂದು ವಾದವೂ ನಮ್ಮ ಬಳಗದಲ್ಲಿ ಕೇಳಿಬರುತ್ತದೆ: ದೈತ್ಯ ಕಂಪನಿಯಿಂದ ಕದಿಯುವುದು ಕಳವಲ್ಲ, ಪ್ರತಿಭಟನೆ. ಇದು ಕೇಳಲು ಇಂಪಾಗಿದೆ. ಸತ್ಯ ಮಾತ್ರ ತಲೆಕೆಳಗಾಗಿದೆ. 1976ರ ಫೆಬ್ರವರಿಯಲ್ಲಿ ಇಪ್ಪತ್ತರ ಹರೆಯದ ಬಿಲ್ ಗೇಟ್ಸ್ ಹವ್ಯಾಸಿ ಕಂಪ್ಯೂಟರಿಗರಿಗೆ ಒಂದು ಬಹಿರಂಗ ಪತ್ರ ಬರೆದು, ಯಂತ್ರಕ್ಕೆ ಹಣ ಕೊಡುವವರು ತಂತ್ರಾಂಶವನ್ನು ಮಾತ್ರ ಕದಿಯುವುದೇಕೆಂದು ಆಕ್ಷೇಪಿಸಿದ್ದರು. ನಮ್ಮ 2010ರ ರಸೀದಿಗೆ ಅಕ್ಷರಶಃ ಹೊಂದುವ ಆಕ್ಷೇಪ ಅದು. ಅದೇ ಗೇಟ್ಸ್ 1998ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೆದುರು ಮಾತನಾಡುತ್ತ ಚೀನಾದ ನಕಲಿನ ಪ್ರಸ್ತಾಪ ಬಂದಾಗ, ಕದಿಯುವುದೇ ಆದರೆ ನಮ್ಮದನ್ನೇ ಕದಿಯಲಿ, ಅದಕ್ಕೆ ಒಗ್ಗಿಹೋದ ಮೇಲೆ ಹಣ ವಸೂಲು ಮಾಡುವ ದಾರಿಯನ್ನು ಮುಂದೊಂದು ದಿನ ಕಂಡುಕೊಳ್ಳುತ್ತೇವೆ ಎಂಬರ್ಥದ ಮಾತು ಆಡಿದರು. ಇಪ್ಪತ್ತೆರಡು ವರ್ಷಗಳಲ್ಲಿ ಅವರಿಗೆ ಅರಿವಾದದ್ದು ನಮಗೆ ಇಂದಿಗೂ ಅರಿವಾಗಿಲ್ಲ. ನಕಲು ಪ್ರತಿ ಏಕಸ್ವಾಮ್ಯಕ್ಕೆ ಹಾಕಿದ ಪೆಟ್ಟಲ್ಲ, ಬಿತ್ತಿದ ಬೀಜ. ನಮ್ಮ ಬೆರಳುಗಳು ಒಂದೇ ವ್ಯವಸ್ಥೆಗೆ ಪಳಗಿದವು. ನಮ್ಮ ಮಕ್ಕಳ ಬೆರಳುಗಳೂ ಪಳಗಿದವು. ಉಚಿತವಾಗಿ, ಕಾನೂನುಬದ್ಧವಾಗಿ ಸಿಗುವ ಬೇರೆ ವ್ಯವಸ್ಥೆಗಳತ್ತ ಯಾರೂ ತಿರುಗಿ ನೋಡಲಿಲ್ಲ. ಕದ್ದದ್ದೂ ಪುಕ್ಕಟೆ, ಕೊಟ್ಟದ್ದೂ ಪುಕ್ಕಟೆ ಎಂದಾದ ಮೇಲೆ ಕೊಟ್ಟವರನ್ನು ಕೇಳುವವರಾರು?

ಕೊಟ್ಟವರಿದ್ದಾರೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತಾನು ಬರೆದ ಲಿನಕ್ಸ್ ತಿರುಳನ್ನು ಲೋಕದ ಕೈಗಿತ್ತರು. ಇವೆರಡೂ ಸೇರಿ ಬೆಳೆದ ಉಬುಂಟು, ಡೆಬಿಯನ್, ಮಿಂಟ್ ಮುಂತಾದ ವ್ಯವಸ್ಥೆಗಳನ್ನು ಯಾರು ಬೇಕಾದರೂ ಇಳಿಸಿಕೊಂಡು, ಬಳಸಿ, ನಕಲು ಮಾಡಿ ನೆರೆಯವರಿಗೂ ಕೊಡಬಹುದು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಈ ಮುಕ್ತ ಪರವಾನಗಿಯೂ ನಿಂತಿರುವುದು ಕೃತಿಸ್ವಾಮ್ಯದ ಕಾನೂನಿನ ಮೇಲೆಯೇ. ತನ್ನ ಕೃತಿಯನ್ನು ಯಾವ ಷರತ್ತಿನ ಮೇಲೆ ಹಂಚಬೇಕೆಂದು ನಿರ್ಧರಿಸುವ ಹಕ್ಕು ಕರ್ತೃವಿಗಿದೆ ಎಂಬ ತತ್ವದಿಂದಲೇ, ಇದನ್ನು ಪಡೆದವನು ಮುಂದಿನವನಿಗೂ ಮುಕ್ತವಾಗಿಯೇ ಕೊಡಬೇಕೆಂಬ ಷರತ್ತಿಗೆ ಬಲ ಬಂದಿದೆ. ಆದ್ದರಿಂದ ಕೃತಿಸ್ವಾಮ್ಯವೆಲ್ಲ ಬೂಟಾಟಿಕೆ ಎನ್ನುವವರು ದಾನಿಯ ಕಾಲ ಕೆಳಗಿನ ನೆಲವನ್ನೂ ಅಗೆಯುತ್ತಾರೆ. ಮಾರುವವನ ಷರತ್ತನ್ನು ಮುರಿಯುವ ಕೈ ದಾನ ಕೊಟ್ಟವನ ಷರತ್ತನ್ನು ಉಳಿಸುವುದೆಂಬ ಭರವಸೆಯೇನು?

ಅಲ್ಲಿ ಕನ್ನಡ ನಡೆಯುತ್ತದೆಯೇ ಎಂಬುದು ನಮ್ಮಂಥವರ ಮೊದಲ ಪ್ರಶ್ನೆ. ನಡೆಯುತ್ತದೆ. ಲೋಹಿತ್, ಗುಬ್ಬಿ, ನವಿಲು ಮೊದಲಾದ ಮುಕ್ತ ಅಕ್ಷರಶೈಲಿಗಳಿವೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು ನಮ್ಮ ಬೆರಳುಗಳಿಗೆ ನುಡಿ, ಬರಹಗಳಿಂದ ಪರಿಚಿತವಾದ ಕಗಪ ಕೀಲಿಮಣೆ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿಯೇ ಇದೆ. ಡೆಬಿಯನ್ ಸ್ಥಾಪನೆಯ ಪುಟಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಅವರಾರೂ ನಮ್ಮಿಂದ ಒಂದು ರೂಪಾಯಿ ಕೇಳಲಿಲ್ಲ. ಭಾರತ ಸರಕಾರದ ಸಿ-ಡ್ಯಾಕ್ ಸಂಸ್ಥೆ ಬಾಸ್ ಎಂಬ ಲಿನಕ್ಸ್ ಆವೃತ್ತಿಯನ್ನು ಭಾರತೀಯ ಭಾಷೆಗಳೊಂದಿಗೆ ರೂಪಿಸಿದೆ. ಸರಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕೆಂಬ ನೀತಿ 2015ರಲ್ಲಿಯೇ ಪ್ರಕಟವಾಗಿದೆ. ಕೇರಳದ ಸರಕಾರಿ ಶಾಲೆಗಳ ಮಕ್ಕಳು ಮುಕ್ತ ತಂತ್ರಾಂಶದಲ್ಲಿಯೇ ಕಂಪ್ಯೂಟರ್ ಕಲಿಯುತ್ತಿದ್ದಾರೆ.

ತೊಡಕುಗಳನ್ನು ಮರೆಮಾಚುವುದು ಸಲ್ಲದು. ಯೂನಿಕೋಡಿಗೆ ಮೊದಲಿನ ಫಾಂಟುಗಳಲ್ಲಿ ಮಾಡಿದ ಹಳೆಯ ಕಡತಗಳನ್ನು ಪರಿವರ್ತಿಸಿಕೊಳ್ಳಬೇಕು. ಪುಟವಿನ್ಯಾಸಕ್ಕೆ ಹಳೆಯ ನುಡಿ ಕಡತವನ್ನೇ ಕೇಳುವ ಮುದ್ರಕರು ಈಗಲೂ ಇದ್ದಾರೆ. ಕೆಲವು ಮುದ್ರಣಯಂತ್ರಗಳು, ಡಿಜಿಟಲ್ ಸಹಿಯ ಉಪಕರಣಗಳು ಹಟ ಹಿಡಿಯುತ್ತವೆ. ಮೊದಲ ಎರಡು ವಾರ ನಮಗೂ ಪರವೂರಿಗೆ ವರ್ಗವಾಗಿ ಹೋದಂತಾಯಿತು; ಅನ್ನ ಸಿಗುತ್ತದೆ, ಉಪ್ಪಿನಕಾಯಿಯ ಭರಣಿ ಎಲ್ಲಿದೆಯೆಂದು ತಿಳಿಯುವುದಿಲ್ಲ. ಹೊರನಾಡಿಗೆ ಹೊಂದಿಕೊಂಡ ನಮಗೆ ಇದೇನೂ ಅಸಾಧ್ಯವಲ್ಲ.

ಹಣ ಕೊಟ್ಟವರಿಗೂ ಈಗ ಇದು ತುರ್ತಿನ ಪ್ರಶ್ನೆಯಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಒಂದು ವರ್ಷದ ಹೆಚ್ಚುವರಿ ಭದ್ರತಾ ಪರಿಷ್ಕರಣೆಗೆ ಹೆಸರು ನೋಂದಾಯಿಸಿಕೊಳ್ಳಬಹುದು. ಆದರೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಹೊಸ ಪೀಳಿಗೆಯ ಪ್ರೊಸೆಸರೂ ಬೇಕೆಂಬ ನಿಯಮವಿರುವುದರಿಂದ, 2017ಕ್ಕೆ ಮೊದಲು ಕೊಂಡ ಬಹುಪಾಲು ಲ್ಯಾಪ್‌ಟಾಪುಗಳು ಅದಕ್ಕೆ ಅರ್ಹವಲ್ಲ. ಗೇಣಿ ಸಲ್ಲಿಸಿದ ಹೊಲಕ್ಕೂ ನೀರು ನಿಂತಿದೆ. ಇದು ನ್ಯಾಯವೇ ಎಂದು ಕೇಳುವ ನೈತಿಕ ಅಧಿಕಾರ ಗೇಣಿ ಕೊಟ್ಟವನಿಗಿದೆ. ಕದ್ದು ಉತ್ತವನಿಗೆ ಅದೂ ಇಲ್ಲ. ನಮ್ಮ ದೃಷ್ಟಿಯಲ್ಲಿ ನಕಲಿನ ದೊಡ್ಡ ನಷ್ಟ ಇದೇ. ಅದು ನಮ್ಮ ಬಾಯನ್ನು ಕಟ್ಟುತ್ತದೆ. ಬೆಲೆ ಹೆಚ್ಚೆಂದು, ಷರತ್ತು ಅನ್ಯಾಯವೆಂದು, ನಮ್ಮ ಭಾಷೆಗೆ ಸಲ್ಲಬೇಕಾದ ಗಮನ ಸಲ್ಲುತ್ತಿಲ್ಲವೆಂದು ದನಿಯೆತ್ತಬೇಕಾದ ಲಕ್ಷಾಂತರ ಗ್ರಾಹಕರು ಗ್ರಾಹಕರೇ ಆಗಿಲ್ಲ. ಲೆಕ್ಕದಲ್ಲಿಲ್ಲದವರ ಆಕ್ಷೇಪಣೆಯನ್ನು ಯಾವ ಕಚೇರಿಯೂ ದಾಖಲಿಸಿಕೊಳ್ಳುವುದಿಲ್ಲ.

ಆದ್ದರಿಂದ ನಮ್ಮ ಸಲಹೆ ಸರಳವಾದದ್ದು. ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ವಿಂಡೋಸ್ ಬೇಕೆಂದರೆ ಅದು ಕಾರ್ಖಾನೆಯಿಂದಲೇ ಬಂದಿದೆಯೇ ಎಂದು ನೋಡಿ, ರಸೀದಿಯಲ್ಲಿ ಆ ಸಾಲನ್ನು ಬರೆಸಿಕೊಳ್ಳಲಿ. ಬಿಡಿಯಾಗಿ ಕೊಳ್ಳುವುದಕ್ಕಿಂತ ಅದೇ ಸಾಮಾನ್ಯವಾಗಿ ಅಗ್ಗ. ವಿಂಡೋಸ್ ಇಲ್ಲದ ಯಂತ್ರವನ್ನು ಕಡಿಮೆ ಬೆಲೆಗೆ ಕೊಳ್ಳುವವರು ಅದರಲ್ಲಿ ಮುಕ್ತ ವ್ಯವಸ್ಥೆಯನ್ನೇ ಹಾಕಿಸಲಿ. ಅಂಗಡಿಯವನ "ಎಲ್ಲ ಹಾಕಿ ಕೊಡುತ್ತೇವೆ"ಗೆ ತಲೆಯಾಡಿಸದಿರಲಿ. ಹಳೆಯ ಯಂತ್ರವುಳ್ಳವರು ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ ನೋಡಬಹುದು. ಇದ್ದ ವ್ಯವಸ್ಥೆಯನ್ನು ಅಳಿಸಬೇಕಾಗಿಲ್ಲ. ಕೊಂಡು ಬಳಸುವುದೂ ಮರ್ಯಾದೆಯ ದಾರಿ, ಬೇಡವೆಂದು ಬಿಟ್ಟು ಮುಕ್ತವಾದದ್ದನ್ನು ಬಳಸುವುದೂ ಮರ್ಯಾದೆಯ ದಾರಿ. ಮೂರನೆಯದು ದಾರಿಯಲ್ಲ.

ಅಂದಿನ ಸಭೆಯಲ್ಲಿ ನಗು ಅಡಗಿದ ಮೇಲೆ ಠರಾವಿಗೆ ಒಂದು ವಾಕ್ಯವನ್ನು ಸೇರಿಸಲಾಯಿತು: ಬಳಗದ ಸ್ಮರಣಸಂಚಿಕೆಯ ಅಕ್ಷರಜೋಡಣೆ ಇನ್ನು ಮುಂದೆ ಪರವಾನಗಿಯುಳ್ಳ ಅಥವಾ ಮುಕ್ತ ತಂತ್ರಾಂಶದಲ್ಲಿಯೇ ನಡೆಯತಕ್ಕದ್ದು. ಮರುದಿನ ಸಂಜೆ ಆ ಕೆಂಪು ಮುಖದ ಸದಸ್ಯರು ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದರು. ಚಹಾ ಆರುವಷ್ಟರಲ್ಲಿ ಕೆಲಸ ಅರ್ಧ ಮುಗಿದಿತ್ತು. ಅವರ ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಪೆನ್‌ಡ್ರೈವುಗಳಿಗೆ ಇಳಿಸಿದ ನಂತರವೇ ನಾವು ಮುಂದುವರಿದೆವು. ಎರಡೇಕೆ ಎಂದು ಅವರು ಕೇಳಿದಾಗ ನಮ್ಮ ತಂದೆಯವರ ನೂರನಲವತ್ತು ಪುಟಗಳ ವಿಷಯ ಹೇಳಬೇಕಾಯಿತು.